ಇಂಜಿನ್ ಬೋಲ್ಟ್ ಒಳಗೇ ಮುರಿದರೆ ಏನು ಮಾಡಬೇಕು: ಹಳೇ ಗಾಡಿ ಇಟ್ಟುಕೊಂಡ ಕೊಡಗಿನವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಬೋಲ್ಟ್ ಮುರಿಯುವ ಮುಂಚೆ ಕೈಗೆ ಗೊತ್ತಾಗುತ್ತದೆ. ಅಷ್ಟು ಹೊತ್ತು ಗಟ್ಟಿಯಾಗಿ ನಿಂತಿದ್ದ ಪಾನಾ ಇದ್ದಕ್ಕಿದ್ದಂತೆ ಮೆತ್ತಗೆ, ಬೆಲ್ಲದ ಪಾಕ ಎಳೆದ ಹಾಗೆ ತಿರುಗೋಕೆ ಶುರುವಾಗುತ್ತದೆ. ಬಿಚ್ಚಿಕೊಳ್ತಾ ಇದೆ ಅಂತ ಅನ್ನಿಸುತ್ತದೆ, ಆದರೆ ಬೋಲ್ಟ್ ಒಳಗೆ ತಿರುಚಿಕೊಳ್ಳುತ್ತಿರುತ್ತದೆ. ಅಲ್ಲೇ ಕೈ ಬಿಟ್ಟರೆ ಉಳಿಸಿಕೊಳ್ಳಬಹುದು. ಇನ್ನೊಂದು ಕಾಲು ಸುತ್ತು ಎಳೆದರೆ ತಲೆ ಪಾನಾ ಜೊತೆ ಕೈಗೆ ಬರುತ್ತದೆ, ಮಿಕ್ಕಿದ್ದು ಹೆಡ್ (ಇಂಜಿನ್ ಮೇಲೆ ಮುಚ್ಚಳದಂತೆ ಕೂರುವ ಸಿಲಿಂಡರ್ ಹೆಡ್) ಒಳಗೆ ಕೂರುತ್ತದೆ.

ಹಾಗೆ ಮುರಿದ ಮೇಲೆ ಏನು ಮಾಡಬೇಕು ಅನ್ನೋದು ಈ ಬರಹ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮುರಿದ ಬೋಲ್ಟಿನಿಂದ ಹೆಡ್ ಹಾಳಾಗೋದು ತೀರಾ ಕಡಿಮೆ. ಹೆಡ್ ಹಾಳಾಗೋದು ಮುರಿದ ನಂತರದ ಮೊದಲ ಅರ್ಧ ಗಂಟೆಯಲ್ಲಿ, ಸಿಟ್ಟಿನಲ್ಲಿ ಡ್ರಿಲ್ ಕೈಗೆತ್ತಿಕೊಂಡಾಗ. ಅದಕ್ಕೇ ಇಲ್ಲಿ ಹೇಳುವ ಕ್ರಮ ಮುಖ್ಯ. ಕಡಿಮೆ ಹಾನಿಯ ದಾರಿ ಮೊದಲು, ಡ್ರಿಲ್ ಕೊನೆಗೆ.

ನಮ್ಮ ಕಡೆ ಯಾಕೆ ಇಷ್ಟು ಜಾಸ್ತಿ ಮುರಿಯುತ್ತವೆ

ಕೊಡಗಿನಲ್ಲಿ ಹಳೇ ಗಾಡಿ ಇಲ್ಲದ ತೋಟ ಹುಡುಕೋದು ಕಷ್ಟ. ಮಾರುತಿ 800, ಓಮ್ನಿ, ಜಿಪ್ಸಿ, ಮಹೀಂದ್ರ ಜೀಪು ಶೆಡ್ಡಿನಲ್ಲಿ ಇದ್ದೇ ಇರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ನೀರು. ಕಕ್ಕಡ ತಿಂಗಳಲ್ಲಿ ವಾರಗಟ್ಟಲೆ ಸ್ಟಾರ್ಟ್ ಮಾಡದೆ ನಿಂತ ಗಾಡಿಯ ಬಾನೆಟ್ ಎತ್ತಿ ನೋಡಿ, ಇಂಜಿನ್ ಹೊಗೆಯನ್ನು ಹೊರಗೊಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲೆ ಕೆಂಪು ಪುಡಿ ಕೂತಿರುತ್ತದೆ. ಅದರ ಮೇಲೆ ಘಾಟಿ ಬೇರೆ. ಸಂಪಾಜೆಯಿಂದ ಮಡಿಕೇರಿಗೆ, ಮಾಕುಟ್ಟದಿಂದ ವಿರಾಜಪೇಟೆಗೆ ಸೆಕೆಂಡ್ ಗೇರಿನಲ್ಲೇ ಹತ್ತುವಾಗ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಚೆನ್ನಾಗಿ ಕಾಯುತ್ತದೆ, ಮೇಲೆ ಬಂದು ನಿಲ್ಲಿಸಿದರೆ ತಣ್ಣನೆ ಮಳೆಗಾಳಿ ತಗಲುತ್ತದೆ. ಕಾಯೋದು, ತಣಿಯೋದು, ಹಿಗ್ಗೋದು, ಕುಗ್ಗೋದು. ವರ್ಷಾನುಗಟ್ಟಲೆ ಹೀಗೇ ಆದರೆ ಸ್ಟಡ್ (ತಲೆ ಇಲ್ಲದ, ನಟ್ ಹಾಕುವ ಬೋಲ್ಟ್) ಒಳಗೊಳಗೇ ಸುಸ್ತಾಗಿ ಒಂದು ದಿನ ತಾನೇ ತುಂಡಾಗುತ್ತದೆ. ಸಾಮಾನ್ಯವಾಗಿ ಮ್ಯಾನಿಫೋಲ್ಡಿನ ಎರಡು ತುದಿಯವೇ ಮೊದಲು ಹೋಗುತ್ತವೆ, ಯಾಕೆಂದರೆ ಉದ್ದಕ್ಕೆ ಹಿಗ್ಗುವಾಗ ಜಾಸ್ತಿ ಎಳೆತ ಬೀಳೋದು ತುದಿಗೆ.

ಇನ್ನೊಂದು ಕಾರಣ ನೀರು. ರೇಡಿಯೇಟರಿಗೆ ಕೂಲೆಂಟ್ ಹಾಕದೆ ತೋಡಿನ ನೀರನ್ನೋ ಬೋರ್‌ವೆಲ್ ನೀರನ್ನೋ ತುಂಬಿ ಓಡಿಸೋದು ನಮ್ಮಲ್ಲಿ ಮಾಮೂಲು. ಮಾರುತಿ 800ರ ಹೆಡ್ ಅಲ್ಯುಮಿನಿಯಂ, ಬೋಲ್ಟ್ ಉಕ್ಕು. ಎರಡು ಬೇರೆ ಲೋಹ, ನಡುವೆ ನೀರು, ಅಲ್ಲಿಗೆ ಒಂದು ಸಣ್ಣ ಬ್ಯಾಟರಿ ತಯಾರಾದಂತೆ. ಅಲ್ಯುಮಿನಿಯಂ ಕರಗಿ ಬಿಳಿ ಪುಡಿಯಾಗುತ್ತದೆ. ಆ ಪುಡಿ ಮೂಲ ಲೋಹಕ್ಕಿಂತ ಜಾಸ್ತಿ ಜಾಗ ಹಿಡಿಯುತ್ತದೆ, ಹಾಗಾಗಿ ಬೋಲ್ಟನ್ನು ಸುತ್ತಲಿಂದ ಅವಚಿ ಹಿಡಿಯುತ್ತದೆ. ಥರ್ಮೋಸ್ಟಾಟ್ ಹೌಸಿಂಗ್ ಮತ್ತು ವಾಟರ್ ಪಂಪ್ ಬೋಲ್ಟುಗಳು ಮುರಿಯೋದು ಬಹುತೇಕ ಇದರಿಂದಲೇ.

ಮೊದಲ ಕೆಲಸ: ನಿಲ್ಲಿಸಿ, ನೋಡಿ

ಮುರಿದ ತುಂಡನ್ನು ಎಸೆಯಬೇಡಿ. ತಲೆ ಜೊತೆ ಬಂದ ಭಾಗ ಎಷ್ಟು ಉದ್ದ ಇದೆ ಅಳೆಯಿರಿ. ಹೊಸ ಬೋಲ್ಟ್ ಅಥವಾ ಪಕ್ಕದ್ದೇ ಬೋಲ್ಟ್ ಜೊತೆ ಹೋಲಿಸಿದರೆ ಒಳಗೆ ಎಷ್ಟು ಉಳಿದಿದೆ ಗೊತ್ತಾಗುತ್ತದೆ. ಮುಂದೆ ಡ್ರಿಲ್ ಮಾಡುವ ಪರಿಸ್ಥಿತಿ ಬಂದರೆ ಈ ಒಂದು ಅಳತೆ ವಾಟರ್ ಜಾಕೆಟ್ (ಇಂಜಿನ್ ಒಳಗೆ ನೀರು ಓಡುವ ಜಾಗ) ತೂತಾಗೋದನ್ನು ತಪ್ಪಿಸುತ್ತದೆ.

ಆಮೇಲೆ ಮೂರು ಪ್ರಶ್ನೆ. ತುಂಡು ಹೊರಗೆ ಚಾಚಿದೆಯಾ, ಮಟ್ಟಕ್ಕೆ ಸರಿಯಾಗಿದೆಯಾ, ಒಳಗೆ ಹೋಗಿದೆಯಾ? ಕಚ್ಚಿರೋದು ಅಲ್ಯುಮಿನಿಯಂನಲ್ಲಾ, ಎರಕದ ಕಬ್ಬಿಣದಲ್ಲಾ? ಮುರಿದದ್ದು ಬಿಚ್ಚುವಾಗಲಾ, ಬಿಗಿಮಾಡುವಾಗಲಾ? ಮೂರನೆಯದನ್ನು ಯಾರೂ ಕೇಳಿಕೊಳ್ಳಲ್ಲ, ಆದರೆ ಅದೇ ದೊಡ್ಡ ಸುಳಿವು. ಬಿಗಿಮಾಡುವಾಗ ಜಾಸ್ತಿ ಎಳೆದು ಮುರಿದಿದ್ದರೆ ಒಳಗಿನ ತುಂಡು ಜಾಮ್ ಆಗಿರುವುದಿಲ್ಲ. ತಲೆ ಹೋದ ಕೂಡಲೇ ಒತ್ತಡ ಇಳಿದು ಸಡಿಲವಾಗೇ ಇರುತ್ತದೆ. ಚೂಪಾದ ಉಳಿಯನ್ನು ಅಂಚಿಗಿಟ್ಟು ಎಡಕ್ಕೆ ಮೆಲ್ಲಗೆ ತಟ್ಟಿದರೆ ಎಷ್ಟೋ ಸಲ ಸುತ್ತಿಕೊಂಡು ಬಂದುಬಿಡುತ್ತದೆ. ಬಿಚ್ಚುವಾಗ ಮುರಿದಿದ್ದರೆ ತುಕ್ಕು ಹಿಡಿದಿದೆ ಅಂತ ಲೆಕ್ಕ, ಆಗ ತಾಳ್ಮೆ ಬೇಕು.

ಬೋಲ್ಟಿನ ಸೈಜ್ ಕೂಡ ಈಗಲೇ ಖಚಿತ ಮಾಡಿಕೊಳ್ಳಿ. ಪಾನಾ ನಂಬರ್ ಬೇರೆ, ಬೋಲ್ಟ್ ಸೈಜ್ ಬೇರೆ. ಮಾರುತಿಯಂಥ ಜಪಾನಿ ಮೂಲದ ಗಾಡಿಗಳಲ್ಲಿ ಸಾಮಾನ್ಯವಾಗಿ 10ರ ಪಾನಾ ಕೂರುವುದು ಎಂ6 (ಅಂದರೆ 6 ಮಿ.ಮೀ. ದಪ್ಪದ ಬೋಲ್ಟ್), 12ರದ್ದು ಎಂ8, 14ರದ್ದು ಎಂ10. ಎಂ10ರಲ್ಲಿ ಥ್ರೆಡ್ ಪಿಚ್ (ಒಂದು ಥ್ರೆಡ್ಡಿನಿಂದ ಇನ್ನೊಂದಕ್ಕೆ ಇರುವ ಅಂತರ) ಬಹಳಷ್ಟು ಕಡೆ 1.25 ಮಿ.ಮೀ., ಅಂಗಡಿಯಲ್ಲಿ ಸುಲಭವಾಗಿ ಸಿಗುವ 1.5 ಅಲ್ಲ. ವಿಲ್ಲೀಸ್ ವಂಶದ ಹಳೇ ಜೀಪುಗಳಲ್ಲಿ ಇಂಚಿನ ಥ್ರೆಡ್ ಬರುತ್ತದೆ, ಅದಕ್ಕೆ ಮೆಟ್ರಿಕ್ ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಸಾಧನ) ಹಾಕಿದರೆ ಮುಗೀತು. ಪಿಚ್ ಗೇಜ್ ಇಲ್ಲದಿದ್ದರೆ ಗೊತ್ತಿರುವ ನಟ್ ಒಂದನ್ನು ಕೈಯಲ್ಲೇ ಹಾಕಿ ನೋಡಿ, ಮೂರ್ನಾಲ್ಕು ಸುತ್ತು ತಡೆಯಿಲ್ಲದೆ ಹೋದರೆ ಅದೇ ಸೈಜ್.

ಗಾಡಿ ಓಡಿಸಬಹುದಾ ಅಂತ ಕೇಳುತ್ತೀರಿ, ಅಲ್ವಾ? ಥರ್ಮೋಸ್ಟಾಟ್, ವಾಟರ್ ಪಂಪ್ ಬೋಲ್ಟ್ ಆದರೆ ಓಡಿಸಬೇಡಿ, ನೀರು ಸೋರಿ ಇಂಜಿನ್ ಕಾದರೆ ಹೆಡ್ ಬಾಗುತ್ತದೆ. ಟೈಮಿಂಗ್ ಬೆಲ್ಟ್ ಟೆನ್ಷನರ್ ಬೋಲ್ಟ್ ಆದರೆ ಸ್ಟಾರ್ಟ್ ಕೂಡ ಮಾಡಬೇಡಿ. ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಒಂದು ಸ್ಟಡ್ ಹೋಗಿದ್ದರೆ ಗ್ಯಾರೇಜ್‌ವರೆಗೆ ನಿಧಾನವಾಗಿ ಹೋಗಬಹುದು, ಕಿಟಕಿ ಗಾಜು ಇಳಿಸಿಕೊಂಡೇ ಹೋಗಿ. ಸೋರುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಅದಕ್ಕೆ ವಾಸನೆ ಇಲ್ಲ. ಮಳೆ ಬರ್ತಿದೆ ಅಂತ ಗಾಜು ಮುಚ್ಚಿಕೊಂಡು ಹೋಗುವುದು ಅಪಾಯ.

ನೆನೆಹಾಕೋದು

ಪೆನಿಟ್ರೇಟಿಂಗ್ ಆಯಿಲ್ ತನ್ನಿ. ಡಬ್ಲ್ಯೂಡಿ-40 ಇದ್ದರೆ ಅದೂ ನಡೆಯುತ್ತದೆ, ಆದರೆ ತುಕ್ಕಿಗೆಂದೇ ಮಾಡಿದ ಆಯಿಲ್ ಜಾಸ್ತಿ ಕೆಲಸ ಮಾಡುತ್ತದೆ. ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಆಯಿಲ್ ಮತ್ತು ಅಸಿಟೋನ್ ಸಮಸಮ ಬೆರೆಸಿ ಹಾಕುವವರೂ ಇದ್ದಾರೆ. ಅದು ಚೆನ್ನಾಗೇ ಇಳಿಯುತ್ತದೆ, ಆದರೆ ಬೇಗ ಬೇರ್ಪಡುತ್ತದೆ, ಪ್ರತಿ ಸಲ ಅಲ್ಲಾಡಿಸಿ ಹಾಕಬೇಕು. ಪೇಂಟಿಗೆ ತಾಗಿದರೆ ಪೇಂಟ್ ಏಳುತ್ತದೆ. ಕಿಡಿ ತಾಗಿದರೆ ಭಗ್ ಅಂತ ಹತ್ತಿಕೊಳ್ಳುತ್ತದೆ. ಹಾಗಾಗಿ ಆಮೇಲೆ ಬೆಂಕಿ ಹಿಡಿಯುವ ಯೋಚನೆ ಇದ್ದರೆ ಇದನ್ನು ಬಿಟ್ಟುಬಿಡಿ.

ಮೊದಲು ವೈರ್ ಬ್ರಷ್ಷಿನಿಂದ ಸುತ್ತಲಿನ ಮಣ್ಣು, ತುಕ್ಕು ತೆಗೆಯಿರಿ. ಕೊಡಗಿನ ಕೆಂಪು ಮಣ್ಣು ಎಣ್ಣೆ ಜೊತೆ ಸೇರಿ ಗಾರೆಯಂತೆ ಗಟ್ಟಿಯಾಗಿರುತ್ತದೆ, ಅದರ ಮೇಲೆ ಎಷ್ಟು ಆಯಿಲ್ ಹೊಡೆದರೂ ಥ್ರೆಡ್‌ಗೆ ಮುಟ್ಟಲ್ಲ. ಆಯಿಲ್ ಹಾಕಿ, ತುಂಡಿನ ಮೇಲೆ ಸಣ್ಣ ಸುತ್ತಿಗೆಯಿಂದ ನೇರವಾಗಿ, ಹಗುರವಾಗಿ, ಹತ್ತಿಪ್ಪತ್ತು ಏಟು ತಟ್ಟಿ. ಆ ಅದುರಿಗೆ ತುಕ್ಕಿನಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ, ಆಯಿಲ್ ಅದರಲ್ಲಿ ಇಳಿಯುತ್ತದೆ. ಸಂಜೆ ಹಾಕಿ, ರಾತ್ರಿ ಮಲಗುವ ಮುಂಚೆ ಮತ್ತೆ ಹಾಕಿ, ಬೆಳಗ್ಗೆ ಎದ್ದು ಮತ್ತೆ ಹಾಕಿ. ಒಂದು ರಾತ್ರಿ ಕಾಯಲು ಆಗದ ಕೆಲಸ ಯಾವುದೂ ಇಲ್ಲ. ಕಾಫಿ ಕೊಯ್ಲಿನ ಹೊತ್ತು, ಆಳುಗಳನ್ನು ಕರೆತರಲು ಜೀಪು ಬೇಕೇ ಬೇಕು ಅಂದರೆ ಪಕ್ಕದ ತೋಟದವರ ಗಾಡಿ ಕೇಳಿ.

ತುಂಡು ಹೊರಗೆ ಚಾಚಿದ್ದರೆ

ಹೊರಗೆ ಉಳಿದ ಪ್ರತಿ ಮಿಲಿಮೀಟರ್ ನಿಮ್ಮ ಆಸ್ತಿ. ಅದನ್ನು ಇಕ್ಕಳದಿಂದ ಕಚ್ಚಿ ಕಚ್ಚಿ ಸವೆಸಬೇಡಿ.

ಥ್ರೆಡ್ ಚೆನ್ನಾಗಿದ್ದು ಎರಡು ನಟ್ ಕೂರುವಷ್ಟು ಉದ್ದ ಇದ್ದರೆ, ಎರಡನ್ನೂ ಹಾಕಿ ಒಂದಕ್ಕೊಂದು ಎದುರಾಗಿ ಬಿಗಿಮಾಡಿ, ಒಳಗಿನ ನಟ್‌ಗೆ ಪಾನಾ ಹಾಕಿ ಬಿಚ್ಚಿ. ಅಷ್ಟು ಉದ್ದ ಇಲ್ಲದಿದ್ದರೆ ಎರಡು ಬದಿ ಅರದಿಂದ ಚಪ್ಪಟೆ ಮಾಡಿ ವೈಸ್ ಗ್ರಿಪ್ (ಕಚ್ಚಿ ಲಾಕ್ ಆಗುವ ಇಕ್ಕಳ) ಹಾಕಿ. ಬಿಗಿಯಾಗಿ, ಒಂದೇ ಸಲಕ್ಕೆ ಕೂರುವಂತೆ ಹಾಕಬೇಕು. ಜಾರಲು ಬಿಟ್ಟರೆ ದುಂಡಾಗುತ್ತದೆ.

ತಿರುಗಿಸುವಾಗ ಮೊದಲು ಬಿಗಿಮಾಡುವ ದಿಕ್ಕಿಗೆ ಒಂಚೂರು ತಳ್ಳಿ, ಆಮೇಲೆ ಬಿಚ್ಚುವ ದಿಕ್ಕಿಗೆ. ಮತ್ತೆ ಆ ಕಡೆ, ಮತ್ತೆ ಈ ಕಡೆ. ಒಂದೇ ದಿಕ್ಕಿಗೆ ಎಳೆಯುತ್ತಾ ಹೋದರೆ ತುಕ್ಕಿನ ಪುಡಿ ಥ್ರೆಡ್ ನಡುವೆ ಕಟ್ಟಿಕೊಂಡು ಮತ್ತೆ ಜಾಮ್ ಆಗುತ್ತದೆ. ಸರಿಯಾಗಿ ಬರ್ತಿದ್ದರೆ ಕಿರ್ ಕಿರ್ ಸದ್ದು ಕೇಳುತ್ತದೆ, ಬುಡದಲ್ಲಿ ಕೆಂಪು ಬೆರೆತ ಆಯಿಲ್ ಒಸರುತ್ತದೆ. ಆ ಕೆಂಪು ಕಂಡರೆ ಅರ್ಧ ಗೆದ್ದಂತೆ. ಆಯಿಲ್ ಹಾಕುತ್ತಾ, ಬಿಗಿಮಾಡುವ ದಿಕ್ಕಿಗೆ ಕಾಲು ಸುತ್ತು, ಬಿಚ್ಚುವ ದಿಕ್ಕಿಗೆ ಅರ್ಧ ಸುತ್ತು.

ಶಾಖ: ನಿಜವಾಗಿ ಕೆಲಸ ಮಾಡುವ ವಿದ್ಯೆ

ಆಯಿಲ್‌ಗೆ ಬರದಿದ್ದರೆ ಬೆಂಕಿ. ಆದರೆ ಎಲ್ಲಿ ಕಾಯಿಸಬೇಕು ಅನ್ನೋದು ಲೋಹದ ಮೇಲೆ ನಿಂತಿದೆ.

ಅಲ್ಯುಮಿನಿಯಂ ಹೆಡ್‌ನಲ್ಲಿ ಉಕ್ಕಿನ ಬೋಲ್ಟ್ ಕಚ್ಚಿದ್ದರೆ ಸುತ್ತಲಿನ ಅಲ್ಯುಮಿನಿಯಂ ಕಾಯಿಸಿ. ಅದೇ ಶಾಖಕ್ಕೆ ಅಲ್ಯುಮಿನಿಯಂ ಉಕ್ಕಿನ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ, ಹಾಗಾಗಿ ತೂತು ದೊಡ್ಡದಾಗಿ ಬೋಲ್ಟ್ ಸಡಿಲವಾಗುತ್ತದೆ. ಹುಷಾರು, ಅಲ್ಯುಮಿನಿಯಂ ಸುಮಾರು 660 ಡಿಗ್ರಿಗೆ ಕರಗುತ್ತದೆ, ಹೆಡ್ಡಿನ ಮಿಶ್ರಲೋಹ ಅದಕ್ಕೂ ಮುಂಚೆ. ಕರಗುವ ಮುನ್ನ ಕಬ್ಬಿಣದಂತೆ ಕೆಂಪಾಗಿ ಎಚ್ಚರಿಸುವುದಿಲ್ಲ. ನೋಡ್ತಾ ನೋಡ್ತಾ ಕುಸಿದುಬಿಡುತ್ತದೆ. ಆದ್ದರಿಂದ ಆಕ್ಸಿ-ಅಸಿಟಿಲಿನ್ ಟಾರ್ಚ್ ಹತ್ತಿರ ತರಬೇಡಿ. ಸಣ್ಣ ಬ್ಯುಟೇನ್ ಟಾರ್ಚ್ ಅಥವಾ ಹೀಟ್ ಗನ್ ಸಾಕು. ಜ್ವಾಲೆ ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಿರಿ. ಒಂದು ಹನಿ ನೀರು ಚಿಮುಕಿಸಿದರೆ ಚುಂಯ್ ಅಂತ ಕುಣಿದು ಆರಿಹೋಗುವಷ್ಟು ಕಾದರೆ ಸಾಕು.

ಎರಕದ ಕಬ್ಬಿಣದ ಬ್ಲಾಕ್ ಅಥವಾ ಮ್ಯಾನಿಫೋಲ್ಡ್ ಆದರೆ ಬೋಲ್ಟನ್ನೇ ಕೆಂಪಾಗುವವರೆಗೆ ಕಾಯಿಸಬಹುದು. ಬೋಲ್ಟ್ ಹಿಗ್ಗಲು ನೋಡುತ್ತದೆ, ಜಾಗ ಇಲ್ಲ, ಸುತ್ತಲಿನ ತುಕ್ಕನ್ನು ಹಿಸುಕುತ್ತದೆ. ತಣಿದಾಗ ಕುಗ್ಗಿ ಸ್ವಲ್ಪ ಸಂದು ಬಿಡುತ್ತದೆ.

ಕಾದಿರುವಾಗ ಮೇಣದಬತ್ತಿಯ ತುದಿಯನ್ನು ಬುಡಕ್ಕೆ ಮುಟ್ಟಿಸಿ. ಮೇಣ ಕರಗಿ ಥ್ರೆಡ್ ಸಂದಿಗೆ ಸರ್ರನೆ ಇಳಿಯುತ್ತದೆ. ಜೇನುಮೇಣ ಮನೇಲಿದ್ದರೆ ಅದೂ ಆಗುತ್ತದೆ. ಆಯಿಲ್ ಸುಟ್ಟು ಹೊಗೆಯಾಗುವ ಜಾಗದಲ್ಲಿ ಮೇಣ ಒಳಗೆ ನಿಲ್ಲುತ್ತದೆ, ಇದನ್ನು ಒಮ್ಮೆ ಮಾಡಿ ನೋಡಿದವರು ಬಿಡುವುದಿಲ್ಲ.

ಬೆಂಕಿ ಹಚ್ಚುವ ಮುಂಚೆ ಪೆಟ್ರೋಲ್ ಪೈಪ್ ಎಲ್ಲಿದೆ ನೋಡಿ. ಕಾರ್ಬುರೇಟರ್ ಗಾಡಿಯಲ್ಲಿ ಪೆಟ್ರೋಲ್ ಆವಿ ಸುತ್ತಮುತ್ತ ಇದ್ದೇ ಇರುತ್ತದೆ, ಪೈಪ್ ಬಿಚ್ಚಿ ಬಾಯಿ ಮುಚ್ಚಿ. ವೈರು, ರಬ್ಬರ್ ಮೇಲೆ ಒದ್ದೆ ಗೋಣಿ ಹೊದಿಸಿ. ಪೌಡರ್ ಎಕ್ಸ್‌ಟಿಂಗ್ವಿಷರ್ ಕೈಗೆ ಸಿಗುವಂತಿರಲಿ. ಪೆಟ್ರೋಲ್ ಬೆಂಕಿಗೆ ನೀರು ಹಾಕಬಾರದು. ಬ್ರೇಕ್ ಕ್ಲೀನರ್ ಹೊಡೆದ ಜಾಗವನ್ನು ಕಾಯಿಸುವುದು, ವೆಲ್ಡ್ ಮಾಡುವುದು ಬೇಡವೇ ಬೇಡ. ಕ್ಲೋರಿನ್ ಇರುವ ಕ್ಲೀನರ್ ಆದರೆ ಫಾಸ್ಜೀನ್ ಎಂಬ ವಿಷಾನಿಲ ಹೊರಡುತ್ತದೆ.

ನಟ್ ವೆಲ್ಡ್ ಮಾಡಿ ತೆಗೆಯೋದು

ತುಂಡು ಮಟ್ಟಕ್ಕೆ ಮುರಿದಿದ್ದರೂ, ಒಂದೆರಡು ಮಿ.ಮೀ. ಒಳಗಿದ್ದರೂ, ನನ್ನ ಮೊದಲ ಆಯ್ಕೆ ಇದೇ. ಗ್ಯಾರೇಜಿನಲ್ಲೇ ಆಗಬೇಕೆಂದಿಲ್ಲ. ನಮ್ಮಲ್ಲಿ ಪಲ್ಪರ್, ಪಂಪ್‌ಸೆಟ್, ಸ್ಪ್ರೇಯರ್ ರಿಪೇರಿ ಮಾಡುವ ವೆಲ್ಡಿಂಗ್ ಅಂಗಡಿಗಳು ಗೋಣಿಕೊಪ್ಪ, ಸಿದ್ದಾಪುರ, ಸುಂಟಿಕೊಪ್ಪ, ಕುಶಾಲನಗರ ಹೀಗೆ ಎಲ್ಲ ಪೇಟೆಯಲ್ಲೂ ಇವೆ. ತುಕ್ಕು ಹಿಡಿದ ಪಂಪಿನ ಬೋಲ್ಟ್ ತೆಗೆದು ಪಳಗಿದವರು ಕಾರು ಮಾತ್ರ ನೋಡುವ ಮೆಕ್ಯಾನಿಕ್‌ಗಿಂತ ಈ ಕೆಲಸದಲ್ಲಿ ಒಂದು ಕೈ ಮೇಲು. ಮಿಗ್ ವೆಲ್ಡರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮಾಮೂಲಿ ಆರ್ಕ್ ವೆಲ್ಡಿಂಗ್‌ನಲ್ಲಿ 2.5 ಮಿ.ಮೀ. ರಾಡ್ ಸಾಕು.

ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಷನ್ ಇರುವ) ಗಾಡಿ ಆದರೆ ಇಸಿಯು (ಇಂಜಿನ್ ಕಂಪ್ಯೂಟರ್) ಕನೆಕ್ಟರ್, ಆಲ್ಟರ್ನೇಟರ್ ವೈರ್ ಕೂಡ ತೆಗೆಯಿರಿ. ಅರ್ತ್ ಕ್ಲಾಂಪ್ ಬೋಲ್ಟಿನ ಹತ್ತಿರದಲ್ಲೇ ಹಾಕಿ. ದೂರ ಎಲ್ಲೋ ಚಾಸಿಗೆ ಹಾಕಿದರೆ ಕರೆಂಟ್ ಬೇರಿಂಗ್ ಮೂಲಕ ಹಾದು ಅದನ್ನು ಹಾಳು ಮಾಡುತ್ತದೆ.

ಎಂ8 ತುಂಡಿಗೆ ಎಂ10 ನಟ್ ತೆಗೆದುಕೊಳ್ಳಿ, ಒಳಗೆ ರಾಡ್ ಆಡಲು ಜಾಗ ಇರಬೇಕು. ಹೊಳೆಯುವ ಜಿಂಕ್ ಲೇಪದ ನಟ್ ಬೇಡ, ಹೊಗೆ ಕೆಟ್ಟದ್ದು, ವೆಲ್ಡ್ ಕೂಡ ಗಟ್ಟಿ ಕೂರಲ್ಲ. ಕಪ್ಪು ನಟ್ ಸಿಗದಿದ್ದರೆ ಲೇಪ ಉಜ್ಜಿ ತೆಗೆಯಿರಿ. ತುಂಡಿನ ಮುಖವನ್ನು ಹೊಳೆಯುವಷ್ಟು ಕ್ಲೀನ್ ಮಾಡಿ, ಮೊದಲು ತುಂಡಿನ ನಡುವೆ ಒಂದು ಚುಕ್ಕೆ ವೆಲ್ಡ್ ಕಟ್ಟಿ, ಮೆಲ್ಲಗೆ ಮೇಲಕ್ಕೆ ಬೆಳೆಸಿ. ಆಮೇಲೆ ನಟ್ ಇಟ್ಟು ಒಳಗಿಂದ ತುಂಬಿ. ಅಲ್ಯುಮಿನಿಯಂ ಹೆಡ್ ಆದರೆ ಒಂದು ಅನುಕೂಲ ಇದೆ. ಉಕ್ಕಿನ ವೆಲ್ಡ್ ಅಲ್ಯುಮಿನಿಯಂಗೆ ಅಂಟಿಕೊಳ್ಳುವುದಿಲ್ಲ. ಎರಕದ ಕಬ್ಬಿಣಕ್ಕೆ ಮಾತ್ರ ಅಂಟುತ್ತದೆ, ಅಲ್ಲಿ ಕೈ ಸ್ಥಿರವಾಗಿರಬೇಕು, ತುಂಡು ಒಳಗೆ ಹೋಗಿದ್ದರೆ ಸರಿಯಾದ ಅನುಭವ ಇರುವವರೇ ಮಾಡಬೇಕು.

ವೆಲ್ಡ್ ಆದ ಕೂಡಲೇ ಪಾನಾ ಹಾಕಬೇಡಿ. ನಟ್ ಕೆಂಪಾಗಿರುವಾಗ ಮೆತ್ತಗಿರುತ್ತದೆ, ತಿರುಗಿಸಿದರೆ ಕಿತ್ತು ಬರುತ್ತದೆ. ಕೆಂಪು ಹೋಗಿ ಕಂದಾಗಿ, ಕಂದು ಹೋಗಿ ಬೂದು ಬಣ್ಣ ಬರುವವರೆಗೆ ಕಾಯಿರಿ. ನೀರು ಸುರಿದು ತಣಿಸಬೇಡಿ. ಮುಟ್ಟಲಾಗದಷ್ಟು ಬಿಸಿ ಇರುವಾಗಲೇ ಬುಡಕ್ಕೆ ಮೇಣ ಮುಟ್ಟಿಸಿ, ಚಿಕ್ಕ ಪಾನಾದಿಂದ ಆ ಕಡೆ ಈ ಕಡೆ ಅಲ್ಲಾಡಿಸಿ. ಮೊದಲ ಸಲ ಕದಲುವುದು ಕಣ್ಣಿಗೆ ಕಾಣಲ್ಲ, ಕೈಗೆ ಮಾತ್ರ ಗೊತ್ತಾಗುತ್ತದೆ. ನಟ್ ಕಿತ್ತು ಬಂದರೆ ಬೇಜಾರು ಬೇಡ, ಇನ್ನೊಂದು ನಟ್ ಹಾಕಿ. ಪ್ರತಿ ಸಲದ ಶಾಖವೂ ಒಳಗಿನ ಹಿಡಿತವನ್ನು ಇನ್ನಷ್ಟು ಸಡಿಲಿಸುತ್ತದೆ.

ಡ್ರಿಲ್ ಮಾಡಲೇಬೇಕಾದರೆ

ವೆಲ್ಡಿಂಗ್ ಗನ್ ಹೋಗದ ಸಂದಿ, ತೀರಾ ಆಳಕ್ಕೆ ಮುರಿದ ತುಂಡು, ಇಂಥ ಕಡೆ ಡ್ರಿಲ್ ಬಿಟ್ಟು ದಾರಿ ಇಲ್ಲ. ಇಲ್ಲಿ ಎಲ್ಲವೂ ನಿಂತಿರೋದು ಒಂದೇ ಒಂದರ ಮೇಲೆ, ನಟ್ಟನಡುವೆ ಶುರುಮಾಡೋದು. ಉಕ್ಕಿಗಿಂತ ಅಲ್ಯುಮಿನಿಯಂ ಮೆತ್ತಗೆ. ಬಿಟ್ ಒಂಚೂರು ಪಕ್ಕಕ್ಕೆ ಜಾರಿದರೂ ಮೆತ್ತಗಿರುವ ಕಡೆಗೇ ಓಡಿ ಹೆಡ್ ಕೊರೆಯುತ್ತದೆ, ಬೋಲ್ಟ್ ಹಾಗೇ ಇರುತ್ತದೆ.

ಮುರಿದ ಮುಖ ಯಾವತ್ತೂ ಓರೆಕೋರೆ. ಮೊದಲು ಅದನ್ನು ಸಣ್ಣ ಗ್ರೈಂಡಿಂಗ್ ಬಿಟ್‌ನಿಂದ ಮಟ್ಟಮಾಡಿ. ಸೆಂಟರ್ ಪಂಚ್ ಹಗುರವಾಗಿ ಒಂದೇಟು ಹಾಕಿ, ಟಾರ್ಚ್ ಬೆಳಕು ಹಾಯಿಸಿ, ಭೂತಕನ್ನಡಿಯಲ್ಲಿ ನೋಡಿ. ಪಕ್ಕಕ್ಕೆ ಬಿದ್ದಿದ್ದರೆ ಪಂಚನ್ನು ಓರೆಯಾಗಿ ಹಿಡಿದು ಗುಳಿಯನ್ನು ನಡುವಿಗೆ ತಳ್ಳಿ. ನಡುವೆ ಬಂದ ಮೇಲೆ ಮಾತ್ರ ಜೋರಾಗಿ ಹೊಡೆಯಿರಿ. ಈ ಐದು ನಿಮಿಷ ಮುಂದಿನ ಐದು ಗಂಟೆ ಉಳಿಸುತ್ತದೆ.

ಇದಕ್ಕಿಂತ ಭದ್ರವಾದ ಉಪಾಯ ಬುಷ್. ಥರ್ಮೋಸ್ಟಾಟ್ ಹೌಸಿಂಗನ್ನೋ ಮ್ಯಾನಿಫೋಲ್ಡನ್ನೋ ಮಿಕ್ಕ ಬೋಲ್ಟುಗಳಿಂದ ವಾಪಸ್ ಕೂರಿಸಿ. ಅದರ ತೂತಿಗೆ ಸರಿಯಾಗಿ ಕೂರುವ, ನಡುವೆ 3 ಮಿ.ಮೀ. ರಂಧ್ರ ಇರುವ ಒಂದು ಸಣ್ಣ ಉಕ್ಕಿನ ಬುಷ್ ಲೇತ್ ಅಂಗಡಿಯಲ್ಲಿ ಮಾಡಿಸಿ. ಅದರೊಳಗಿಂದ ಡ್ರಿಲ್ ಬಿಟ್ ಹೋದರೆ ಬೋಲ್ಟಿನ ನಡುವಿಗೇ ಬೀಳುತ್ತದೆ. ಲೇತ್‌ನವರಿಗೆ ಇದು ಚಿಕ್ಕ ಕೆಲಸ.

ಎಡಗೈ ಡ್ರಿಲ್ ಬಿಟ್ ಸಿಕ್ಕರೆ ಬಿಡಬೇಡಿ. ಅದು ಬಿಚ್ಚುವ ದಿಕ್ಕಿಗೇ ತಿರುಗುತ್ತಾ ಕೊರೆಯುತ್ತದೆ, ಎಷ್ಟೋ ಸಲ ಕೊರೆಯುವಾಗಲೇ ಬಿಸಿ ಮತ್ತು ಅದುರಿಗೆ ತುಂಡು ಕಚ್ಚಿಕೊಂಡು ಹೊರಗೆ ಬರುತ್ತದೆ. ಕೋಬಾಲ್ಟ್ ಬಿಟ್ಟೇ ತನ್ನಿ. ಮೈಸೂರಿಗೆ ಹೇಗೂ ಹೋಗುವವರಿದ್ದರೆ ಮಡಿಕೇರಿಯಿಂದ ಸುಮಾರು 120 ಕಿ.ಮೀ., ಅಲ್ಲಿಂದ ತರಿಸಿ ಮನೆಯಲ್ಲಿ ಇಟ್ಟುಕೊಳ್ಳಿ. ಮಾಮೂಲಿ ಬಿಟ್ 8.8 ಗ್ರೇಡಿನ ಗಟ್ಟಿ ಬೋಲ್ಟಿಗೆ ಬೇಗ ಮೊಂಡಾಗುತ್ತದೆ, ಮೊಂಡು ಬಿಟ್ ಉಜ್ಜಿ ಉಜ್ಜಿ ಮುಖವನ್ನು ಇನ್ನೂ ಗಡುಸು ಮಾಡಿಬಿಡುತ್ತದೆ.

ಎಂ8 ತುಂಡಿಗೆ 3 ಮಿ.ಮೀ.ನಿಂದ ಶುರು, ಆಮೇಲೆ 5, ಆಮೇಲೆ 6.5. ಎಂ6 ಆದರೆ 2.5, 4, ಕೊನೆಗೆ ಬೇಕಿದ್ದರೆ 4.8. ನಿಧಾನ ಸ್ಪೀಡ್, ಗಟ್ಟಿ ಒತ್ತು. ಸುರುಳಿ ಸುರುಳಿ ಚೂರು ಬರ್ತಿದ್ದರೆ ಬಿಟ್ ಕೊರೀತಿದೆ, ಪುಡಿ ಮತ್ತು ಕೀರಲು ಸದ್ದು ಬಂದರೆ ಉಜ್ಜುತ್ತಿದೆ, ತೆಗೆದು ಬಿಟ್ ಚೂಪು ಮಾಡಿ. ಕಟಿಂಗ್ ಆಯಿಲ್ ಇಲ್ಲದಿದ್ದರೆ ಕೊಬ್ಬರಿ ಎಣ್ಣೆ ನಡೆಯುತ್ತದೆ. ಮೊದಲು ಅಳೆದಿಟ್ಟ ಉದ್ದಕ್ಕೆ ಬಿಟ್ ಮೇಲೆ ಟೇಪ್ ಸುತ್ತಿ ಗುರುತು ಮಾಡಿ, ಅದರಾಚೆ ಹೋಗಬಾರದು. ಕನ್ನಡಕ ಹಾಕಿಕೊಳ್ಳಿ. ಪೋರ್ಟ್ ಬಾಯಿಗೆಲ್ಲ ಬಟ್ಟೆ ತುರುಕಿ. ಉಕ್ಕಿನ ಚೂರು ಅಯಸ್ಕಾಂತಕ್ಕೆ ಬರುತ್ತದೆ, ಅಲ್ಯುಮಿನಿಯಂ ಚೂರು ಬರಲ್ಲ, ಅದನ್ನು ವ್ಯಾಕ್ಯೂಮ್‌ನಿಂದ ಎಳೆಯಬೇಕು. ಗಾಳಿ ಹೊಡೆದು ಇಂಜಿನ್ ಒಳಗೆ ಕಳಿಸಬೇಡಿ. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ, ಕೊರೆಯುವಾಗ ನಿಂತುಹೋದರೆ ಬಿಟ್ಟನ್ನು ಬಗ್ಗಿಸದೆ ನೇರವಾಗಿ ಕೈಯಲ್ಲೇ ತಿರುಗಿಸಿ ಹೊರತೆಗೆಯಿರಿ. ಸಣ್ಣ ಬಿಟ್ ಮುರಿಯೋದು ಅಂಥ ಹೊತ್ತಲ್ಲೇ.

ನಟ್ಟನಡುವೆ ಹೋಗಿದ್ದರೆ ಕೊನೆಗೆ ಬೋಲ್ಟಿನ ತೆಳುವಾದ ಗೋಡೆ ಮಾತ್ರ ಉಳಿಯುತ್ತದೆ. ಚೂಪು ಮೊಳೆಯಿಂದ ಅದರ ಅಂಚನ್ನು ಒಳಕ್ಕೆ ಮಡಚಿ, ಚಿಕ್ಕ ಇಕ್ಕಳದಿಂದ ಎಳೆದರೆ ಥ್ರೆಡ್ಡಿನ ಸುರುಳಿ ಸ್ಪ್ರಿಂಗಿನ ಹಾಗೆ ಹೊರಗೆ ಬರುತ್ತದೆ. ಆಮೇಲೆ ಟ್ಯಾಪ್ ಹಾಕಿ ಕ್ಲೀನ್ ಮಾಡಿದರೆ ಹಳೇ ಥ್ರೆಡ್ಡೇ ಉಳಿಯುತ್ತದೆ.

ಈಸಿ-ಔಟ್ ಬಗ್ಗೆ

ಅಂಗಡಿಯಲ್ಲಿ ಐದರ ಸೆಟ್ ಅಂತ ಕೊಡುತ್ತಾರಲ್ಲ, ಎಡಕ್ಕೆ ತಿರುಚಿದ ಮೊನೆಯದ್ದು, ತುಕ್ಕು ಹಿಡಿದ ಬೋಲ್ಟಿಗೆ ಅದನ್ನು ಹಾಕಬೇಡಿ. ಯೋಚಿಸಿ ನೋಡಿ. 8 ಮಿ.ಮೀ. ಉಕ್ಕಿನ ಬೋಲ್ಟೇ ತಡೆಯದೆ ಮುರಿದಿದೆ. ಅದರ ನಡುವಿನ ತೂತಿನಲ್ಲಿ ಕೂರುವ 4 ಮಿ.ಮೀ. ಮೊನೆ ತಡೆಯುತ್ತದಾ? ಮೇಲಾಗಿ ಅದು ಒಳಗೆ ಹೋದಷ್ಟೂ ಬೋಲ್ಟಿನ ಗೋಡೆಯನ್ನು ಹೊರಕ್ಕೆ ಒತ್ತಿ ಇನ್ನೂ ಬಿಗಿ ಮಾಡುತ್ತದೆ. ಅದು ಒಳಗೆ ಮುರಿದರೆ ನಿಜವಾದ ಕಷ್ಟ ಶುರು. ಗಡುಸು ಉಕ್ಕು, ಕೋಬಾಲ್ಟ್ ಬಿಟ್ ಕೂಡ ಹತ್ತಲ್ಲ. ಕಾರ್ಬೈಡ್ ಬೇಕು, ಇಲ್ಲವೇ ಸ್ಪಾರ್ಕ್ ಎರೋಷನ್ ಮೆಷಿನ್ ಇರುವ ದೊಡ್ಡ ಟೂಲ್‌ರೂಮಿಗೆ ಹೆಡ್ ಹೊತ್ತುಕೊಂಡು ಹೋಗಬೇಕು. ಬಿಗಿಮಾಡುವಾಗ ಮುರಿದ, ಜಾಮ್ ಆಗದ ಬೋಲ್ಟಿಗೆ ಮಾತ್ರ ಈಸಿ-ಔಟ್ ಸರಿ.

ಅಲ್ಯುಮಿನಿಯಂ ಭಾಗದಲ್ಲಿ ಈಸಿ-ಔಟೋ ಟ್ಯಾಪೋ ಮುರಿದು ಕೂತಿದ್ದರೆ, ಆ ಭಾಗವನ್ನು ಬಿಚ್ಚಿ ಹೊರಗೆ ತರಲು ಆಗುವುದಾದರೆ, ಗಡಿಯಾರ ರಿಪೇರಿಯವರ ಒಂದು ಹಳೇ ಉಪಾಯ ಇದೆ. ಪಟಿಕ. ನೀರಿನಲ್ಲಿ ಪಟಿಕ ಕರಗುವಷ್ಟು ಕರಗಿಸಿ, ಭಾಗವನ್ನು ಅದರಲ್ಲಿ ಮುಳುಗಿಸಿ ಬಿಸಿಯಾಗಿ ಇಡಿ. ಕುದಿಯುವ ಹತ್ತಿರ ಇದ್ದರೆ ಬೇಗ. ಉಕ್ಕಿನಿಂದ ಸಣ್ಣ ಗುಳ್ಳೆ ಏಳುತ್ತಾ ಅದು ಕಪ್ಪಾಗಿ ಕರಗುತ್ತಾ ಬರುತ್ತದೆ, ಅಲ್ಯುಮಿನಿಯಂಗೆ ಹೆಚ್ಚೇನೂ ಆಗಲ್ಲ. ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಹಿಡಿಯುತ್ತದೆ. ಪಾತ್ರೆ ಗಾಜಿನದೋ ಸ್ಟೇನ್‌ಲೆಸ್‌ನದೋ ಇರಲಿ, ಕಬ್ಬಿಣದ ಪಾತ್ರೆಯೂ ಕರಗುತ್ತದೆ. ಅಡಿಗೆಗೆ ಅದನ್ನು ಮತ್ತೆ ಬಳಸಬೇಡಿ. ಬೇಕಾದ ಉಕ್ಕಿನ ತುಂಡು ಆ ಭಾಗದಲ್ಲಿ ಬೇರೇನಾದರೂ ಇದ್ದರೆ ಮೊದಲೇ ತೆಗೆದಿಡಿ.

ಥ್ರೆಡ್ ಹೋಗಿದ್ದರೆ

ಥ್ರೆಡ್ ಪೂರ್ತಿ ಹೋಗಿದ್ದರೆ ಹೆಲಿಕಾಯಿಲ್, ಅಂದರೆ ತೂತಿನೊಳಗೆ ಹೊಸ ಥ್ರೆಡ್ ಆಗಿ ಕೂರುವ ತಂತಿ ಸುರುಳಿ. ಎಂ8ಕ್ಕೆ 8.3 ಮಿ.ಮೀ. ತೂತು, ಎಂ6ಕ್ಕೆ 6.3. ಆ ಕಿಟ್ ಜೊತೆ ಬರುವ ಟ್ಯಾಪನ್ನೇ ಹಾಕಬೇಕು, ಮಾಮೂಲಿ ಟ್ಯಾಪ್ ಆಗಲ್ಲ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಅಲ್ಯುಮಿನಿಯಂನಲ್ಲಿ ಟ್ಯಾಪ್ ಹಾಕುವಾಗ ಸೀಮೆಎಣ್ಣೆ ಒಳ್ಳೆ ಕೆಲಸ ಮಾಡುತ್ತದೆ. ಟ್ಯಾಪಿನ ಉದ್ದುದ್ದ ಕಾಲುವೆಗಳಿಗೆ ಗ್ರೀಸ್ ಮೆತ್ತಿದರೆ ಚೂರುಗಳು ಅದಕ್ಕೇ ಅಂಟಿಕೊಂಡು ಹೊರಬರುತ್ತವೆ. ಸುರುಳಿಯನ್ನು ಮೇಲ್ಮೈಗಿಂತ ಕಾಲಿನಿಂದ ಅರ್ಧ ಸುತ್ತು ಕೆಳಗಿಳಿಸಿ, ಅದರ ಬಾಲ ಮುರಿದು, ಆ ಬಾಲವನ್ನು ತಪ್ಪದೆ ಹೊರತೆಗೆಯಿರಿ. ಸರಿಯಾಗಿ ಕೂತ ಹೆಲಿಕಾಯಿಲ್ ಅಲ್ಯುಮಿನಿಯಂನ ಮೂಲ ಥ್ರೆಡ್ಡಿಗಿಂತ ಗಟ್ಟಿ. ಎಂ-ಸೀಲ್ ತುಂಬಿ ಬೋಲ್ಟ್ ಕೂರಿಸೋದು ರಿಪೇರಿ ಅಲ್ಲ, ಮೊದಲ ಘಾಟಿಗೇ ಬಿಡುತ್ತದೆ.

ಹೆಡ್ ಬೋಲ್ಟೇ ಬ್ಲಾಕ್ ಒಳಗೆ ಮುರಿದಿದ್ದರೆ, ತೂತು ಓರೆಯಾಗಿ ಹೋಗಿದ್ದರೆ, ಹೆಡ್‌ನಲ್ಲಿ ಬಿರುಕು ಕಂಡರೆ, ಮನೆಯಲ್ಲಿ ಮುಂದುವರಿಸಬೇಡಿ. ಬಿಚ್ಚಿ ಮೆಷಿನ್ ಶಾಪ್‌ಗೆ ಒಯ್ಯಿರಿ. ಮಿಲ್ಲಿಂಗ್ ಮೆಷಿನ್ ಮೇಲೆ ಕಟ್ಟಿ ನೇರವಾಗಿ ಕೊರೆಯುವುದು ಅವರಿಗೆ ಸುಲಭ. ಅರ್ಧ ಕೆಡಿಸಿ ಒಯ್ದರೆ ಅವರಿಗೂ ಕಷ್ಟ, ನಿಮಗೂ ಖರ್ಚು.

ವಾಪಸ್ ಕೂರಿಸೋದು

ಹೊಸ ಬೋಲ್ಟ್ ಹಾಕುವ ಮುಂಚೆ ತೂತಿನ ತಳ ಒಣಗಿರಬೇಕು. ತಳದಲ್ಲಿ ಆಯಿಲ್ ನಿಂತಿದ್ದರೆ ಬೋಲ್ಟ್ ಪಿಸ್ಟನ್ನಿನಂತೆ ಅದನ್ನು ಒತ್ತುತ್ತದೆ, ಹೋಗಲು ದಾರಿ ಇಲ್ಲದೆ ಅಲ್ಯುಮಿನಿಯಂ ಸೀಳುತ್ತದೆ. ಉದ್ದವನ್ನೂ ನೋಡಿ. ಅಲ್ಯುಮಿನಿಯಂ ಒಳಗೆ ಬೋಲ್ಟಿನ ದಪ್ಪದ ಒಂದೂವರೆಯಿಂದ ಎರಡು ಪಟ್ಟು ಥ್ರೆಡ್ ಕೂರಬೇಕು, ತಳಕ್ಕೆ ಮಾತ್ರ ತಾಗಬಾರದು.

ಎಕ್ಸಾಸ್ಟ್ ಸ್ಟಡ್‌ಗೆ ಆ್ಯಂಟಿ-ಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್) ತೆಳುವಾಗಿ ಹಚ್ಚಿ. ಹಿತ್ತಾಳೆ ನಟ್ ಸಿಕ್ಕರೆ ಅದನ್ನೇ ಹಾಕಿ, ಅದು ತುಕ್ಕಿಗೆ ಕಚ್ಚುವುದಿಲ್ಲ. ವಾಟರ್ ಜಾಕೆಟ್‌ಗೆ ತೆರೆದುಕೊಳ್ಳುವ ಬೋಲ್ಟಿಗೆ ಥ್ರೆಡ್ ಸೀಲೆಂಟ್ ಬೇಕು. ಬಿಗಿ ಎಷ್ಟು ಅನ್ನೋದಕ್ಕೆ ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುಯಲ್ಲೇ ಕೊನೆಯ ಮಾತು. ಅಂದಾಜಿಗೆ ಎಂ6ಕ್ಕೆ 10 ನ್ಯೂಟನ್ ಮೀಟರ್, ಎಂ8ಕ್ಕೆ 20ರಿಂದ 25. ಹತ್ತು ಅಂದರೆ 10 ಸೆಂ.ಮೀ. ಉದ್ದದ ಪಾನಾ ತುದಿಗೆ 10 ಕೆ.ಜಿ. ಭಾರ ಅಷ್ಟೇ. ಉದ್ದ ಪಾನಾಗೆ ಪೈಪ್ ಸೇರಿಸಿ ಎಳೆಯುವ ಅಭ್ಯಾಸ ಎಂ6ರ ಹತ್ತಿರ ತರಬೇಡಿ. ಆ್ಯಂಟಿ-ಸೀಜ್ ಹಚ್ಚಿದ್ದರೆ ಥ್ರೆಡ್ ಜಾರುತ್ತದೆ, ಒಣ ಬೋಲ್ಟಿನ ಅಂಕಿಗಿಂತ ಸ್ವಲ್ಪ ಕಡಿಮೆಗೇ ನಿಲ್ಲಿಸಿ. ಮ್ಯಾನಿಫೋಲ್ಡ್ ಆದರೆ ನಡುವಿನಿಂದ ತುದಿಗೆ, ಎರಡು ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವಾಗಿ.

ಗ್ಯಾಸ್ಕೆಟ್ ಹೊಸದೇ ಹಾಕಿ. ಈ ಸಲವಾದರೂ ಕೂಲೆಂಟ್ ಹಾಕಿ, ತೋಡಿನ ನೀರು ಬೇಡ. ಪಕ್ಕದ ಬೋಲ್ಟುಗಳೂ ಅದೇ ವಯಸ್ಸಿನವು, ಬಾನೆಟ್ ತೆರೆದಿರುವಾಗಲೇ ನೆನೆಹಾಕಿ ಒಂದೊಂದಾಗಿ ಬಿಚ್ಚಿ, ಕ್ಲೀನ್ ಮಾಡಿ ಕೂರಿಸಿ.

ಸ್ಟಾರ್ಟ್ ಮಾಡಿ, ಫ್ಯಾನ್ ಓಡುವಷ್ಟು ಕಾಯಲು ಬಿಡಿ. ಎಕ್ಸಾಸ್ಟ್ ಸೋರಿದರೆ ಟಿಕ್ ಟಿಕ್ ಸದ್ದು ಬರುತ್ತದೆ, ತಣ್ಣಗಿರುವಾಗ ಜಾಸ್ತಿ ಕೇಳಿಸುತ್ತದೆ. ಒಂದು ಏರು ಹತ್ತಿ ಇಳಿದು ಬನ್ನಿ. ರಾತ್ರಿ ಪೂರ್ತಿ ತಣಿದ ಮೇಲೆ ಬೆಳಗ್ಗೆ ಬಿಗಿ ಮತ್ತೆ ನೋಡಿ, ಕೂಲೆಂಟ್ ಮಟ್ಟ ನೋಡಿ. ಹೆಲಿಕಾಯಿಲ್ ಹಾಕಿದ್ದರೆ ಅಥವಾ ಸೈಜ್ ಬದಲಾಯಿಸಿದ್ದರೆ ಯಾವ ತೂತು, ಯಾವ ಥ್ರೆಡ್, ಎಷ್ಟು ಉದ್ದದ ಬೋಲ್ಟ್ ಅಂತ ಬಾನೆಟ್ಟಿನ ಒಳಬದಿಗೆ ಪೇಂಟ್ ಮಾರ್ಕರ್‌ನಿಂದ ಬರೆದಿಡಿ. ಮುಂದೆ ಬಿಚ್ಚುವವರು ಬೇರೆ ಮೆಕ್ಯಾನಿಕ್ ಆಗಿದ್ದರೆ ಅವರಿಗೆ ಅದು ಕಾಣಬೇಕು.